‘ಸದ್ಯಕ್ಕೆ ಇಲ್ಲಿರಲಿ’: ಕೆಲಸದ ಜಾಗದ ಓರಣ ಮತ್ತು ಅಪಘಾತ

(ಮೇಲ್ವಿಚಾರಕರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಮಾನ್ಯರೇ, 40 ವರ್ಷಗಳ ಹತ್ತಿರ ವರ್ಕ್‌ಶಾಪುಗಳಲ್ಲಿ ದುಡಿದು, ಅದರಲ್ಲಿ ಕೊನೆಯ 15 ವರ್ಷ ಸುರಕ್ಷತೆಯ ಹೊಣೆ ಹೊತ್ತವನು ನಾನು. ಯಾರೋ ಎಡವಿ ಬಿದ್ದ, ಯಾರದೋ ಕಾಲ ಮೇಲೆ ಏನೋ ಉರುಳಿದ ಜಾಗಕ್ಕೆ ಹೋಗಿ ‘ಈ ವಸ್ತು ಇಲ್ಲಿಗೆ ಹೇಗೆ ಬಂತು?’ ಎಂದು ಕೇಳಿದಾಗಲೆಲ್ಲ ನನಗೆ ಸಿಕ್ಕ ಉತ್ತರ ಹೆಚ್ಚುಕಡಿಮೆ ಒಂದೇ: ‘ಸದ್ಯಕ್ಕೆ ಇಲ್ಲಿರಲಿ ಅಂತ ಇಟ್ಟಿದ್ವಿ ಸಾರ್.’ ಆ ಮಾತಿನಲ್ಲಿ ಸುಳ್ಳಿರಲಿಲ್ಲ, ಸೋಮಾರಿತನವೂ ಇರಲಿಲ್ಲ. ಕೈಯಲ್ಲಿ ಭಾರವಿತ್ತು, ಇಳಿಸಬೇಕಿತ್ತು, ಇಳಿಸಲು ಗೊತ್ತುಮಾಡಿದ ಜಾಗವೆಂಬುದು ಇರಲಿಲ್ಲ. ಹಾಗಾಗಿ ಹತ್ತಿರ ಖಾಲಿ ಕಂಡಲ್ಲಿ ಇಳಿಸಿದರು. ಆ ಖಾಲಿ ಜಾಗ ಸಾಮಾನ್ಯವಾಗಿ ಜನ ಓಡಾಡುವ ದಾರಿಯೇ ಆಗಿರುತ್ತದೆ, ಏಕೆಂದರೆ ಬಹಳಷ್ಟು ಕಾರ್ಖಾನೆಗಳಲ್ಲಿ ಖಾಲಿ ಉಳಿದಿರುವುದು ಅದೊಂದೇ. ಇಂದಿನ ನನ್ನ ಮಾತೆಲ್ಲ ಈ ‘ಸದ್ಯಕ್ಕೆ’ ಎಂಬ ಪದದ ಸುತ್ತಲೇ ಇರುತ್ತದೆ.

ಮೊದಲಿಗೆ ಒಂದು ಗೊಂದಲವನ್ನು ಬಿಡಿಸಿಕೊಳ್ಳೋಣ. ಸ್ವಚ್ಛತೆ, ಓರಣ ಎಂಬ ಎರಡು ಮಾತುಗಳನ್ನು ನಾವು ಜೋಡಿಯಾಗಿಯೇ ಬಳಸುತ್ತೇವೆ. ಅಪಘಾತದ ಮಟ್ಟಿಗೆ ಅವೆರಡೂ ಬೇರೆ ಬೇರೆ. ಕಸ ಗುಡಿಸಿ, ನೆಲ ಒರೆಸಿ, ಗೋಡೆಗೆ ಬಣ್ಣ ಬಳಿದ ಜಾಗ ಸ್ವಚ್ಛವಾಗಿರಬಹುದು. ಓರಣವೆಂದರೆ ಪ್ರತಿಯೊಂದು ವಸ್ತುವಿಗೂ ತನ್ನದೇ ಒಂದು ಜಾಗವಿದ್ದು, ಅದು ಅಲ್ಲಿಲ್ಲದಿದ್ದರೆ ಸುಮ್ಮನೆ ಹಾದುಹೋಗುವವರ ಕಣ್ಣಿಗೂ ಬೀಳುವಂತಿರುವುದು. ಜಪಾನಿನ ಕಾರ್ಖಾನೆಗಳಲ್ಲಿ ರೂಪುಗೊಂಡ ‘5ಎಸ್’ ಪದ್ಧತಿಯ ಹೆಸರನ್ನು ನೀವೆಲ್ಲರೂ ಕೇಳಿದ್ದೀರಿ. ಸೈರಿ, ಸೈಟನ್, ಸೈಸೊ, ಸೈಕೆತ್ಸು, ಶಿತ್ಸುಕೆ ಎಂಬ ಆ ಐದು ಪದಗಳನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ, ಬೇಡದ್ದನ್ನು ಬೇರ್ಪಡಿಸುವುದು, ಬೇಕಾದ್ದಕ್ಕೆ ನೆಲೆ ಕೊಡುವುದು, ಶುಚಿ ಮಾಡುವುದು, ಮಾಡಿದ್ದನ್ನು ಪದ್ಧತಿಯಾಗಿಸುವುದು, ಆ ಪದ್ಧತಿಯನ್ನು ಬಿಡದೆ ಪಾಲಿಸುವುದು. ಗುಡಿಸುವ ಕೆಲಸ ಈ ಸಾಲಿನಲ್ಲಿ ಮೂರನೆಯದಾಗಿ ಬರುತ್ತದೆ ಎಂಬುದನ್ನು ದಯವಿಟ್ಟು ಗಮನಿಸಿ. ಬೇಡದ್ದು ಹೊರಗೆ ಹೋಗುವ ಮೊದಲೇ ಪೊರಕೆ ಹಿಡಿದವನು ಸಾಮಾನುಗಳನ್ನು ಈ ಮೂಲೆಯಿಂದ ಆ ಮೂಲೆಗೆ ಸರಿಸುತ್ತಾನೆ, ಅಷ್ಟೆ.

ಸ್ವಚ್ಛತೆ ಓರಣದ ಕೊರತೆಯನ್ನು ಹೇಗೆ ಮರೆಮಾಡಬಲ್ಲದು ಎಂಬುದನ್ನು ನಾನು ಕಲಿತದ್ದು ಒಂದು ರಟ್ಟಿನ ತುಂಡಿನಿಂದ. ನಾನು ಆಗ ಕೆಲಸ ಮಾಡುತ್ತಿದ್ದ ಕಡೆ ಎಣ್ಣೆಯ ಒತ್ತಡದಿಂದ ನಡೆಯುವ ಒಂದು ಹೈಡ್ರಾಲಿಕ್ ಪ್ರೆಸ್ ಇತ್ತು. ಅದರ ಸಿಲಿಂಡರಿನಿಂದ ಎಣ್ಣೆ ಸೋರದಂತೆ ತಡೆಯುವ ಸೀಲ್ ಸವೆದು, ನಿಮಿಷಕ್ಕೆ ಒಂದೆರಡು ಹನಿಯಂತೆ ಎಣ್ಣೆ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಆ ಯಂತ್ರದಲ್ಲಿದ್ದ ಹಿರಿಯ ಆಪರೇಟರ್ ಬಹಳ ಶಿಸ್ತಿನ ಮನುಷ್ಯ. ಪ್ಯಾಕಿಂಗ್ ಪೆಟ್ಟಿಗೆಯ ರಟ್ಟನ್ನು ಅಳತೆಗೆ ಸರಿಯಾಗಿ ಕತ್ತರಿಸಿ ಹನಿ ಬೀಳುವಲ್ಲಿ ಹಾಸುತ್ತಿದ್ದರು, ಶಿಫ್ಟ್ ಮುಗಿಯುವಾಗ ನೆನೆದ ರಟ್ಟನ್ನು ತೆಗೆದು ಹೊಸದನ್ನು ಹಾಕುತ್ತಿದ್ದರು. ನೆಲ ನೋಡಲು ಚೊಕ್ಕಟವಾಗಿತ್ತು. ತಪಾಸಣೆಗೆ ಬಂದವರು ಮೆಚ್ಚಿಕೊಂಡೂ ಹೋಗಿದ್ದರು. ಹೀಗೆ ತಿಂಗಳುಗಟ್ಟಲೆ ನಡೆಯಿತು. ಒಂದು ದಿನ ಅವರು ರಜೆಯಲ್ಲಿದ್ದಾಗ, ರಾತ್ರಿ ಪಾಳಿಯ ಹುಡುಗನಿಗೆ ಆ ರಟ್ಟು ಅಲ್ಲೇಕಿದೆ ಎಂಬುದೇ ತಿಳಿದಿರಲಿಲ್ಲ. ಮೇಲಿನ ಮುಖ ಒಣಗಿದಂತೆ ಕಾಣುತ್ತಿದ್ದ ಆ ರಟ್ಟಿನ ಅಡಿ ಅಷ್ಟರಲ್ಲಿ ಎಣ್ಣೆಯ ತೆಳುಪದರ ಹರಡಿತ್ತು. ಎರಡೂ ಕೈಯಲ್ಲಿ ಪ್ರೆಸ್ಸಿನ ಅಚ್ಚಾದ ಡೈ ಹಿಡಿದುಕೊಂಡು ಅವನು ಅದರ ಮೇಲೆ ಕಾಲಿಟ್ಟ. ರಟ್ಟು ಅವನನ್ನು ಹೊತ್ತುಕೊಂಡೇ ಜಾರಿತು. ಮಣಿಕಟ್ಟಿನ ಮೂಳೆ ಮುರಿಯಿತು. ಡೈ ಒಂದು ಗೇಣು ಈಚೆಗೆ ಬಿದ್ದಿದ್ದರೆ ಪಾದವೂ ಉಳಿಯುತ್ತಿರಲಿಲ್ಲ.

ಆ ಅಪಘಾತದ ವರದಿಯಲ್ಲಿ ‘ಕಾರ್ಮಿಕನ ಅಜಾಗರೂಕತೆ’ ಎಂದು ಬರೆಯಲಾಯಿತು. ಬರೆದವರಲ್ಲಿ ನಾನೂ ಒಬ್ಬ. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ. ನಾವು ಕೇಳಬೇಕಾಗಿದ್ದ ಪ್ರಶ್ನೆ ಎಣ್ಣೆಯನ್ನು ಯಾರು ಒರೆಸಲಿಲ್ಲ ಎಂಬುದಲ್ಲ, ಎಣ್ಣೆ ಎಲ್ಲಿಂದ ಬರುತ್ತಿದೆ ಎಂಬುದು. ಸೀಲ್ ಬದಲಾಯಿಸಲು ಬೇಕಾಗಿದ್ದದ್ದು ಅರ್ಧ ದಿನದ ನಿಲುಗಡೆ. ಆ ಅರ್ಧ ದಿನವನ್ನು ಕೊಡಲಾಗದೆ ನಾವು ರಟ್ಟು ಹಾಸಿಕೊಂಡು ಬಂದಿದ್ದೆವು. ಶುಚಿ ಮಾಡುವುದರ ನಿಜವಾದ ಉಪಯೋಗ ಇಲ್ಲಿದೆ: ಒರೆಸುವ ಕೈಗೆ ಯಂತ್ರದ ದೋಷ ಮೊದಲು ತಾಗುತ್ತದೆ. ದಿನವೂ ಯಂತ್ರವನ್ನು ಒರೆಸುವವನಿಗೆ ನಿನ್ನೆ ಇಲ್ಲದ ಬಿರುಕು, ಸಡಿಲವಾದ ಬೋಲ್ಟು, ಬಿಸಿಯೇರಿದ ಬೇರಿಂಗು ಇವೆಲ್ಲ ಬೆರಳ ತುದಿಗೆ ಗೊತ್ತಾಗುತ್ತವೆ. ಆದರೆ ಒರೆಸಿದವನು ಕಂಡದ್ದನ್ನು ಯಾರಿಗಾದರೂ ಹೇಳಿ, ಕೇಳಿದವರು ಏನಾದರೂ ಮಾಡಿದರೆ ಮಾತ್ರ ಅದಕ್ಕೆ ಅರ್ಥ.

ಇದೇ ಕಥೆಯನ್ನು ದೊಡ್ಡ ಪ್ರಮಾಣದಲ್ಲಿ ನೋಡಬೇಕೆಂದರೆ ಲಂಡನ್ನಿನ ಕಿಂಗ್ಸ್ ಕ್ರಾಸ್ ಸುರಂಗ ರೈಲು ನಿಲ್ದಾಣದ ದುರಂತವನ್ನು ಗಮನಿಸಬೇಕು. 1987ರ ನವೆಂಬರ್ 18ರ ಸಂಜೆ ಅಲ್ಲಿನ ಮರದ ಎಸ್ಕಲೇಟರ್ ಒಂದರ ಅಡಿಯಲ್ಲಿ ಹತ್ತಿದ ಬೆಂಕಿ ಟಿಕೆಟ್ ಹಾಲಿಗೆ ನುಗ್ಗಿ 31 ಜನರ ಪ್ರಾಣ ತೆಗೆಯಿತು. ಯಾರೋ ಎಸೆದ ಉರಿಯುವ ಬೆಂಕಿಕಡ್ಡಿ ಮೆಟ್ಟಿಲು ಮತ್ತು ಪಕ್ಕದ ಹಲಗೆಯ ನಡುವಿನ ಸಂದಿಯಿಂದ ಕೆಳಕ್ಕೆ ಬಿದ್ದಿತ್ತು ಎಂಬ ತೀರ್ಮಾನಕ್ಕೆ ವಿಚಾರಣೆ ಬಂದಿತು. ಬೆಂಕಿಕಡ್ಡಿ ತಾನಾಗಿ ಅಷ್ಟು ದೊಡ್ಡ ಅನಾಹುತ ಮಾಡಲಾರದು. ಎಸ್ಕಲೇಟರಿನ ಮೆಟ್ಟಿಲುಗಳು ಓಡುವ ಕೆಳಗಿನ ಹಳಿಗಳ ಮೇಲೆ ಗ್ರೀಸಿನ ಜೊತೆ ನೂಲಿನ ಎಳೆ, ಕೂದಲು, ಕಾಗದದ ಚೂರು ಎಲ್ಲವೂ ಅಂಟಿಕೊಂಡು ದಶಕಗಳಿಂದ ಬೆಳೆದಿದ್ದ ಪದರ ಅದಕ್ಕಾಗಿ ಕಾದಿತ್ತು. ಎಸ್ಕಲೇಟರ್ ಸ್ಥಾಪನೆಯಾದ 1940ರ ದಶಕದಿಂದ ಆ ಭಾಗವನ್ನು ಒಮ್ಮೆಯೂ ಪೂರ್ತಿಯಾಗಿ ಶುಚಿಗೊಳಿಸಿರಲಿಲ್ಲ. ಅಲ್ಲಿ ಹಿಂದೆಯೂ ಸಣ್ಣ ಬೆಂಕಿಗಳು ಹತ್ತಿ ತಾವಾಗಿ ಆರಿದ ಗುರುತುಗಳು ಸಿಕ್ಕವು.

ಆ ವಿಚಾರಣೆಯಲ್ಲಿ ನನ್ನನ್ನು ಹೆಚ್ಚು ಕಾಡಿದ ಅಂಶ ಗ್ರೀಸಿನದ್ದಲ್ಲ, ಒಂದು ಪದದ್ದು. ಇಂಥ ಸಣ್ಣ ಬೆಂಕಿಗಳನ್ನು ಅಲ್ಲಿನ ಸಿಬ್ಬಂದಿ ‘ಬೆಂಕಿ’ ಎಂದು ಕರೆಯುತ್ತಿರಲಿಲ್ಲ. ‘ಹೊಗೆಯಾಡುವುದು’ ಎಂಬರ್ಥದ ಮಾತನ್ನು ಬಳಸುತ್ತಿದ್ದರು. ಬೆಂಕಿ ಎಂದರೆ ಓಡಬೇಕು, ಫೋನ್ ಮಾಡಬೇಕು, ಬರೆದಿಡಬೇಕು. ಹೊಗೆಯಾಡಿದರೆ ಅದೇನೂ ಬೇಡ. ನಮ್ಮಲ್ಲೂ ಇಂಥ ಪದಗಳಿವೆ. ನೆಲದ ಮೇಲಿನ ಎಣ್ಣೆಗೆ ‘ಪಸೆ’ ಎನ್ನುತ್ತೇವೆ, ದಾರಿಗೆ ಅಡ್ಡವಾಗಿ ಬಿದ್ದ ಕೇಬಲ್ಲಿಗೆ ‘ಟೆಂಪರರಿ ಲೈನ್’ ಎನ್ನುತ್ತೇವೆ, ಬಾಗಿಲಿಗೆ ಒರಗಿಸಿಟ್ಟ ಪೈಪುಗಳ ಕಟ್ಟಿಗೆ ‘ನಾಳೆ ಹೋಗುವ ಮಾಲು’ ಎನ್ನುತ್ತೇವೆ. ಹೀಗೆ ಹೆಸರಿಟ್ಟ ಕೂಡಲೇ ಅಪಾಯ ಕಣ್ಣಿನಿಂದ ಮರೆಯಾಗುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದವರನ್ನು ಮೊದಲ ವಾರದಲ್ಲೇ ಕರೆದು ‘ನಿಮಗೆ ಇಲ್ಲಿ ಏನು ವಿಚಿತ್ರವಾಗಿ ಕಂಡಿತು’ ಎಂದು ಕೇಳುವ ರೂಢಿಯನ್ನು ನಾನು ಇಟ್ಟುಕೊಂಡದ್ದು ಈ ಕಾರಣಕ್ಕೆ. ತಿಂಗಳು ಕಳೆದರೆ ಅವರ ಕಣ್ಣೂ ಒಗ್ಗಿಹೋಗುತ್ತದೆ.

ಈಗ ಧೂಳಿನ ವಿಷಯಕ್ಕೆ ಬರುತ್ತೇನೆ. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಮಾತಾಡುತ್ತೇನೆ, ಏಕೆಂದರೆ ಧೂಳನ್ನು ನಾವು ಕೊಳೆ ಎಂದು ನೋಡುತ್ತೇವೆಯೇ ಹೊರತು ಉರುವಲು ಎಂದು ನೋಡುವುದಿಲ್ಲ. ಸಕ್ಕರೆ, ಹಿಟ್ಟು, ಮರದ ಹೊಟ್ಟು, ಅಲ್ಯೂಮಿನಿಯಂ ಪುಡಿ, ಬಹಳಷ್ಟು ಪ್ಲಾಸ್ಟಿಕ್ ಪುಡಿಗಳು ರಾಶಿಯಾಗಿದ್ದಾಗ ನಿಧಾನವಾಗಿ ಉರಿಯಬಹುದು. ಅದೇ ಪುಡಿ ಗಾಳಿಯಲ್ಲಿ ಮೋಡದಂತೆ ಹರಡಿದಾಗ ಕಣಕಣಕ್ಕೂ ಸುತ್ತಲೂ ಆಮ್ಲಜನಕ ಸಿಕ್ಕಿ ಕ್ಷಣಾರ್ಧದಲ್ಲಿ ಸ್ಫೋಟಿಸುತ್ತದೆ. 2008ರ ಫೆಬ್ರವರಿ 7ರಂದು ಅಮೆರಿಕದ ಜಾರ್ಜಿಯಾ ರಾಜ್ಯದ ಪೋರ್ಟ್ ವೆಂಟ್‌ವರ್ತ್‌ನಲ್ಲಿದ್ದ ಇಂಪೀರಿಯಲ್ ಶುಗರ್ ಕಾರ್ಖಾನೆಯಲ್ಲಿ ನಡೆದದ್ದು ಇದೇ. 14 ಜನ ಸತ್ತರು. ಮೊದಲ ಸ್ಫೋಟ ಸಕ್ಕರೆ ತುಂಬಿಡುವ ಎತ್ತರದ ಸೈಲೋಗಳ ಅಡಿಯಲ್ಲಿದ್ದ, ಸಕ್ಕರೆ ಸಾಗಿಸುವ ಕನ್ವೇಯರಿನಲ್ಲಿ ಆಯಿತು, ಬಹುಶಃ ಬಿಸಿಯೇರಿದ ಬೇರಿಂಗಿನಿಂದ. ಅದರ ಅಲೆ ಕಟ್ಟಡವನ್ನು ನಡುಗಿಸಿದಾಗ ನೆಲದ ಮೇಲೆ, ತೊಲೆಗಳ ಮೇಲೆ, ಯಂತ್ರಗಳ ಮೇಲೆ ವರ್ಷಗಳಿಂದ ಕೂತಿದ್ದ ಸಕ್ಕರೆ ಧೂಳೆಲ್ಲ ಒಮ್ಮೆಗೇ ಎದ್ದಿತು. ಆಮೇಲೆ ಒಂದರ ಹಿಂದೆ ಒಂದರಂತೆ ಎರಡನೇ ಹಂತದ ಸ್ಫೋಟಗಳು ಕಾರ್ಖಾನೆಯ ಉದ್ದಕ್ಕೂ ಹಬ್ಬಿದವು.

ಈ ಘಟನೆಯಲ್ಲಿ ಇನ್ನೊಂದು ಸಂಗತಿಯಿದೆ. ಆ ಕನ್ವೇಯರು ಹಲವು ವರ್ಷ ತೆರೆದೇ ಇತ್ತು. 2007ರಲ್ಲಿ, ಸಕ್ಕರೆಗೆ ಬೇರೇನೂ ಬೀಳದಿರಲೆಂಬ ಉದ್ದೇಶದಿಂದ, ಅದರ ಸುತ್ತ ಉಕ್ಕಿನ ಹಾಳೆಗಳನ್ನು ಮುಚ್ಚಿದರು. ನೋಡಲು ಹೆಚ್ಚು ಚೊಕ್ಕಟವಾಯಿತು. ಆದರೆ ಒಳಗಿನ ಧೂಳನ್ನು ಹೀರಿ ಹೊರಹಾಕುವ ವ್ಯವಸ್ಥೆಯನ್ನಾಗಲಿ, ಸ್ಫೋಟದ ಒತ್ತಡ ಹೊರಹೋಗಲು ಕಿಂಡಿಯನ್ನಾಗಲಿ ಇಡಲಿಲ್ಲ. ತೆರೆದಿದ್ದಾಗ ಹರಡಿಹೋಗುತ್ತಿದ್ದ ಧೂಳು ಈಗ ಒಳಗೇ ದಟ್ಟವಾಗತೊಡಗಿತು. ನನ್ನ ರಟ್ಟಿನ ಕಥೆಗೂ ಇದಕ್ಕೂ ಗಾತ್ರದಲ್ಲಿ ಅಜಗಜಾಂತರವಿದ್ದರೂ ಬುದ್ಧಿ ಕೆಲಸ ಮಾಡಿದ ರೀತಿ ಒಂದೇ ಎಂದು ನನಗನ್ನಿಸುತ್ತದೆ.

ಎಷ್ಟು ಧೂಳು ಅಪಾಯಕಾರಿ? ಅಮೆರಿಕದ ಅಗ್ನಿ ಸುರಕ್ಷತೆಯ ಮಾನದಂಡಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಅಳತೆ ಅಂಗುಲದ 32ರಲ್ಲಿ ಒಂದು ಭಾಗ, ಅಂದರೆ ಸುಮಾರು 0.8 ಮಿ.ಮೀ.; ಕಾಗದಕ್ಕೆ ಸಿಕ್ಕಿಸುವ ಕ್ಲಿಪ್ಪಿನ ತಂತಿಯ ದಪ್ಪ. ನೆಲದ ಮೇಲೆ ಅಷ್ಟು ಕೂರಲು ನಾವು ಬಿಡುವುದಿಲ್ಲ, ನಿಜ. ಏಣಿ ಹತ್ತಿ ತೊಲೆಗಳ ಮೇಲೆ, ದೀಪಗಳ ಮೇಲೆ, ಕೇಬಲ್ ಟ್ರೇಗಳ ಮೇಲೆ ಬೆರಳಾಡಿಸಿ ನೋಡಿದವರು ನಮ್ಮಲ್ಲಿ ಎಷ್ಟು ಜನ ಇದ್ದೇವೆ? ಅದನ್ನು ತೆಗೆಯಲು ಗಾಳಿ ಪೈಪು ಹಿಡಿದು ಊದುವುದು ಎಲ್ಲಕ್ಕಿಂತ ಕೆಟ್ಟ ದಾರಿ, ಏಕೆಂದರೆ ಸ್ಫೋಟಕ್ಕೆ ಬೇಕಾದ ಮೋಡವನ್ನು ನಾವೇ ಕೈಯಾರೆ ಎಬ್ಬಿಸಿದಂತಾಗುತ್ತದೆ; ಇಂಥ ಧೂಳಿಗೆಂದೇ ತಯಾರಾದ, ಕಿಡಿ ಹಾರಿಸದ ವ್ಯಾಕ್ಯೂಮ್ ಯಂತ್ರ ಬೇಕು. ಲೇತ್‌ ಮೇಲಿನ ಲೋಹದ ಚೂರುಗಳನ್ನು ಗಾಳಿಯಿಂದ ಊದುವ ಅಭ್ಯಾಸವನ್ನೂ ಬಿಡಿಸಬೇಕು. ಅಲ್ಲಿ ಸ್ಫೋಟದ ಭಯಕ್ಕಿಂತ ಪಕ್ಕದವನ ಕಣ್ಣಿನ ಭಯ. ಬ್ರಷ್ಷು ಮತ್ತು ಕೊಕ್ಕೆ ಸಾಕು, ಬರಿಗೈ ಮಾತ್ರ ಬೇಡ.

ತಾನಾಗಿ ಹೊತ್ತಿಕೊಳ್ಳುವ ವಸ್ತುವೂ ಒಂದಿದೆ: ಮರಕ್ಕೆ ಪಾಲಿಷ್ ಮಾಡಲು ಬಳಸುವ ಅಗಸೆ ಎಣ್ಣೆಯಲ್ಲಿ ನೆನೆದ ಬಟ್ಟೆ. ಈ ಎಣ್ಣೆ ಒಣಗುವುದೆಂದರೆ ಗಾಳಿಯ ಆಮ್ಲಜನಕದೊಡನೆ ಸೇರುವುದು. ಆಗ ಶಾಖ ಹುಟ್ಟುತ್ತದೆ. ಬಟ್ಟೆಯನ್ನು ಹರವಿದ್ದರೆ ಆ ಶಾಖ ಗಾಳಿಗೆ ಹೋಗುತ್ತದೆ, ಉಂಡೆ ಕಟ್ಟಿ ಮೂಲೆಗೆ ಎಸೆದಿದ್ದರೆ ಒಳಗೇ ಕೂಡಿಕೊಂಡು ಗಂಟೆಗಳ ನಂತರ, ಎಲ್ಲರೂ ಮನೆಗೆ ಹೋದ ಮೇಲೆ, ಉರಿಯುತ್ತದೆ. 1991ರ ಫೆಬ್ರವರಿ 23ರಂದು ಫಿಲಡೆಲ್ಫಿಯಾದ 38 ಅಂತಸ್ತಿನ ಒನ್ ಮೆರಿಡಿಯನ್ ಪ್ಲಾಜಾ ಕಟ್ಟಡದ 22ನೇ ಅಂತಸ್ತಿನಲ್ಲಿ ಬೆಂಕಿ ಹುಟ್ಟಿದ್ದು ಇಂಥ ಬಟ್ಟೆಗಳಿಂದ. ಮೂವರು ಅಗ್ನಿಶಾಮಕ ಸಿಬ್ಬಂದಿ ಸತ್ತರು. ಬೆಂಕಿ ಅಂತಸ್ತಿನಿಂದ ಅಂತಸ್ತಿಗೆ ಏರುತ್ತ ಹೋಗಿ, ಕೊನೆಗೆ 30ನೇ ಅಂತಸ್ತಿನಲ್ಲಿದ್ದ, ಬೆಂಕಿಯ ಬಿಸಿಗೆ ತಾವಾಗಿ ನೀರು ಚಿಮ್ಮಿಸುವ ಸ್ಪ್ರಿಂಕ್ಲರುಗಳಿಗೆ ಸಿಕ್ಕಿ ನಿಂತಿತು. ಇದಕ್ಕೆ ಬೇಕಾಗಿದ್ದದ್ದು ಮುಚ್ಚಳವಿರುವ ಒಂದು ಲೋಹದ ಡಬ್ಬಿ, ಮತ್ತು ಅದನ್ನು ಸಂಜೆ ತಪ್ಪದೆ ಖಾಲಿ ಮಾಡುವ ಒಬ್ಬ ಮನುಷ್ಯ.

ಸಲಕರಣೆಗಳ ವಿಷಯ. ಹಲಗೆಯೊಂದರ ಮೇಲೆ ಪ್ರತಿಯೊಂದು ಸ್ಪ್ಯಾನರಿನ ನೆರಳಿನಂತೆ ಆಕಾರ ಬರೆದು, ಆ ಆಕಾರದ ಮೇಲೇ ಅದನ್ನು ತೂಗುಹಾಕುವ ಕ್ರಮವನ್ನು ನೋಡಿದ್ದೀರಿ. ಅದು ಅಂದಕ್ಕಾಗಿ ಎಂದು ತಿಳಿದವರೇ ಹೆಚ್ಚು. ನನ್ನ ಪ್ರಕಾರ ಆ ಹಲಗೆ ಕೆಲಸ ಮಾಡುವುದು ಸ್ಪ್ಯಾನರ್ ಅಲ್ಲಿ ಇಲ್ಲದಿರುವಾಗ. ಖಾಲಿ ಆಕಾರ ಶಿಫ್ಟ್ ಮುಗಿಸುವವನನ್ನು ಕೇಳುತ್ತದೆ: 24ರ ಸ್ಪ್ಯಾನರ್ ಎಲ್ಲಿ? ವಿಮಾನ ದುರಸ್ತಿ ಮಾಡುವವರು ಈ ಪ್ರಶ್ನೆಗೆ ಉತ್ತರ ಸಿಗದೆ ವಿಮಾನವನ್ನು ಬಿಡುವುದಿಲ್ಲ, ಏಕೆಂದರೆ ಎಂಜಿನಿನೊಳಗೆ ಉಳಿದ ಒಂದು ನಟ್ಟು ಕೂಡ ಸಾಕು. ರನ್‌ವೇ ಮೇಲೆ ಬಿದ್ದ ಚೂರು ಏನು ಮಾಡೀತು ಎಂಬುದನ್ನು 2000ದ ಜುಲೈ 25ರಂದು ಪ್ಯಾರಿಸ್ಸಿನಲ್ಲಿ ಕಂಡೆವು: ಸ್ವಲ್ಪ ಹೊತ್ತಿಗೆ ಮುಂಚೆ ಹಾರಿದ್ದ ಬೇರೊಂದು ವಿಮಾನದಿಂದ ಕಳಚಿಬಿದ್ದಿದ್ದ ಸುಮಾರು 43 ಸೆಂ.ಮೀ. ಉದ್ದದ ಲೋಹದ ಪಟ್ಟಿ ಕಾಂಕಾರ್ಡ್ ವಿಮಾನದ ಟಯರನ್ನು ಸೀಳಿತು, ಟಯರಿನ ತುಂಡು ಇಂಧನ ಟ್ಯಾಂಕಿಗೆ ಬಡಿಯಿತು, ವಿಮಾನದಲ್ಲಿದ್ದ 109 ಜನರೂ ನೆಲದ ಮೇಲಿದ್ದ 4 ಜನರೂ ಸತ್ತರು. ನಮ್ಮ ಕಟ್ಟಡ ಕೆಲಸದ ಅಟ್ಟಣಿಗೆಗೂ ಲೆಕ್ಕ ಅದೇ. 10 ಮೀಟರ್ ಎತ್ತರದಲ್ಲಿ ‘ಸದ್ಯಕ್ಕೆ’ ಇಟ್ಟ ಸುತ್ತಿಗೆ ಕಾಲು ತಾಗಿ ಬಿದ್ದರೆ, ನೆಲ ಮುಟ್ಟುವ ಹೊತ್ತಿಗೆ ಅದರ ವೇಗ ಗಂಟೆಗೆ ಸುಮಾರು 50 ಕಿ.ಮೀ. ಅಟ್ಟಣಿಗೆಯ ಅಂಚಿಗೆ ಒಂದು ಅಡ್ಡಪಟ್ಟಿ, ಸುತ್ತಿಗೆಯ ಹಿಡಿಗೆ ಒಂದು ಹಗ್ಗ, ಇಷ್ಟಕ್ಕೇ ಅದು ತಪ್ಪುತ್ತದೆ.

ದಾರಿ, ಬಾಗಿಲು, ಫಲಕಗಳ ಬಗ್ಗೆ ನಿಮಗೆ ನಾನು ಹೇಳಬೇಕಾದ್ದು ಹೆಚ್ಚಿಲ್ಲ. ಗೊತ್ತಿದ್ದೂ ಮಾಡದ ಕೆಲಸವಿದು. ವಿದ್ಯುತ್ ಫಲಕದ ಮುಂದೆ ಸುಮಾರು 1 ಮೀಟರ್ ಜಾಗ ಯಾವಾಗಲೂ ಖಾಲಿ ಇರಬೇಕು. ಗೋದಾಮಿನಲ್ಲಿ ಮಾಲಿನ ಅಟ್ಟಿ ಸ್ಪ್ರಿಂಕ್ಲರಿನಿಂದ ಕನಿಷ್ಠ 45 ಸೆಂ.ಮೀ. ಕೆಳಗೆ ನಿಲ್ಲಬೇಕು, ಇಲ್ಲದಿದ್ದರೆ ನೀರು ಹರಡುವುದಿಲ್ಲ. ನೆಲದ ಮೇಲೆ ಹಳದಿ ಗೆರೆ ಎಳೆದ ಮಾತ್ರಕ್ಕೆ ದಾರಿಯಾಗುವುದಿಲ್ಲ. ಗೆರೆ ಎಳೆಯುವ ಮೊದಲು ಒಂದು ದಿನ ಅಲ್ಲಿ ನಿಂತು ಟ್ರಾಲಿ ಹೇಗೆ ತಿರುಗುತ್ತದೆ, ಜನ ಯಾವ ಅಡ್ಡದಾರಿ ಹಿಡಿಯುತ್ತಾರೆ ಎಂಬುದನ್ನು ನೋಡಬೇಕು. ಜನ ನಡೆಯದ ಕಡೆ ಎಳೆದ ಗೆರೆ ಬರೀ ಬಣ್ಣದ ಖರ್ಚು.

ಇನ್ನು ತಪಾಸಣೆಯ ದಿನದ ಸಡಗರ. ಅಧಿಕಾರಿಗಳು ಬರುತ್ತಾರೆಂದು ತಿಳಿದ ಹಿಂದಿನ ದಿನಕ್ಕೆ ನಾನು ಹೆದರುವಷ್ಟು ಬೇರಾವ ದಿನಕ್ಕೂ ಹೆದರುವುದಿಲ್ಲ. ಅಂದು ಕಣ್ಣಿಗೆ ಬೀಳುವುದನ್ನೆಲ್ಲ ಕಣ್ಣಿಗೆ ಬೀಳದ ಕಡೆಗೆ ತಳ್ಳುತ್ತಾರೆ. ಫಲಕದ ಹಿಂದೆ, ಮೆಟ್ಟಿಲಿನ ಅಡಿ, ತುರ್ತು ಬಾಗಿಲಿನ ಆಚೆ. ಬಣ್ಣ ತೆಳುಮಾಡುವ ಥಿನ್ನರ್ ತುಂಬಿದ ಕುಡಿಯುವ ನೀರಿನ ಬಾಟಲಿಯೊಂದನ್ನು ಹೀಗೆ ಬಚ್ಚಿಟ್ಟಿದ್ದು ಊಟದ ಕಪಾಟಿನಲ್ಲಿ ನನಗೆ ಸಿಕ್ಕಿತ್ತು. ಹೆಸರಿನ ಚೀಟಿಯಿಲ್ಲದ ಬಾಟಲಿ ಅದು. ಪುಣ್ಯಕ್ಕೆ ಮುಚ್ಚಳ ತೆಗೆದ ಕೂಡಲೇ ವಾಸನೆ ಬಂತು.

ಸಭೆಯಲ್ಲಿ ಒಬ್ಬರು ಎದ್ದು, ‘ಇದೆಲ್ಲ ಸರಿ, ಟಾರ್ಗೆಟ್ ಮುಗಿಸುವುದೇ ಕಷ್ಟವಾಗಿರುವಾಗ ಇದಕ್ಕೆ ಸಮಯ ಎಲ್ಲಿಂದ ತರೋದು ಸಾರ್?’ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಶಿಫ್ಟ್ ಗಂಟೆ ಹೊಡೆದ ಮೇಲೆ ಓರಣ ಮಾಡಿ ಎನ್ನುವುದು ಕಾರ್ಮಿಕನ ಮನೆಯ ಸಮಯವನ್ನು ಕೇಳಿದಂತೆ. ಅದು ಎರಡು ದಿನ ನಡೆದು ಮೂರನೇ ದಿನಕ್ಕೆ ನಿಲ್ಲುತ್ತದೆ. ಕೊನೆಯ 10 ನಿಮಿಷ ಯಂತ್ರ ನಿಲ್ಲಿಸಿ ಜಾಗ ಒಪ್ಪಿಸುವುದೂ ಕೆಲಸವೇ ಎಂದು ಲೆಕ್ಕದ ಪುಸ್ತಕದಲ್ಲಿ ಬರೆಯಬೇಕು, ಅಷ್ಟರಮಟ್ಟಿಗೆ ಟಾರ್ಗೆಟ್ ಇಳಿಸಬೇಕು. ಬರೆಯಲು ಒಪ್ಪದ ಆಡಳಿತ ಗೋಡೆಯ ಮೇಲೆ ಎಷ್ಟು ಘೋಷಣೆ ಅಂಟಿಸಿದರೂ ಕಾರ್ಮಿಕರಿಗೆ ಅದರ ನಿಜವಾದ ಮನಸ್ಸು ತಿಳಿದೇ ಇರುತ್ತದೆ. ಜಾಗವನ್ನು ಮುಂದಿನ ಪಾಳಿಯವನಿಗೆ ಎದುರೆದುರೇ ಒಪ್ಪಿಸುವ ರೂಢಿ ನನ್ನ ಅನುಭವದಲ್ಲಿ ಯಾವ ಬಹುಮಾನಕ್ಕಿಂತಲೂ ಚೆನ್ನಾಗಿ ನಡೆದಿದೆ; ರಟ್ಟು ಅಲ್ಲೇಕಿದೆ ಎಂದು ಆ ಹುಡುಗ ಅಂದು ಕೇಳಬಹುದಾಗಿತ್ತು.

ಎಲ್ಲಿಂದ ಶುರುಮಾಡಬೇಕು ಎಂದು ಮತ್ತೊಬ್ಬರು ಕೇಳಿದರು. ನಾನು ಮಾಡಿದ್ದನ್ನೇ ಹೇಳುತ್ತೇನೆ. ಒಂದು ಕಟ್ಟು ಕೆಂಪು ಚೀಟಿ ಹಿಡಿದು ಒಂದೇ ಒಂದು ವಿಭಾಗದಲ್ಲಿ ಸುತ್ತಿ, ‘ಇದು ಇಲ್ಲಿ ಸದ್ಯಕ್ಕೆ ಇದೆ’ ಎಂದು ಯಾರಾದರೂ ಹೇಳಿದ ಪ್ರತಿಯೊಂದು ವಸ್ತುವಿಗೂ ಅಂದಿನ ತಾರೀಖು ಬರೆದು ಚೀಟಿ ಕಟ್ಟಿದೆವು. ತಿಂಗಳೊಳಗೆ ಅದನ್ನು ಕೇಳಿಕೊಂಡು ಯಾರೂ ಬರದಿದ್ದರೆ ಗುಜರಿಗೆ, ಬಂದರೆ ಅದಕ್ಕೊಂದು ಜಾಗ. ಕಪಾಟಿನ ಹಿಂದೆ, ಜೇಡರ ಬಲೆಯ ನಡುವೆ, ಅರ್ಧವೃತ್ತಾಕಾರದ ಜಾಲರಿ ಕವಚವೊಂದು ಸಿಕ್ಕಿತು. ಯಾವ ಯಂತ್ರದ್ದೆಂದು ಯಾರಿಗೂ ಗೊತ್ತಿರಲಿಲ್ಲ. ಗುಜರಿಗೆ ಹಾಕುವುದೆಂದು ಬೇರೆ ಇಟ್ಟೆವು. ಮಧ್ಯಾಹ್ನದ ಹೊತ್ತಿಗೆ, ಕೆಲಸಕ್ಕೆ ಸೇರಿ ವಾರವೂ ಆಗಿರದ ಹುಡುಗನೊಬ್ಬ ಅದನ್ನು ಎತ್ತಿಕೊಂಡು ಹೋಗಿ, ಓಡುತ್ತಿದ್ದ ಗ್ರೈಂಡರಿನ ತೆರೆದ ಬೆಲ್ಟಿನ ಪಕ್ಕ ದೂರದಿಂದಲೇ ಹಿಡಿದು ನೋಡಿದ. ನಾಲ್ಕು ತೂತುಗಳೂ ಸರಿಯಾಗಿ ಕೂಡಿದವು. ಯಾವುದೋ ಕಾಲದಲ್ಲಿ ರಿಪೇರಿಗೆಂದು ಬಿಚ್ಚಿ ಇಟ್ಟಿದ್ದ ಕವಚ ಅದು; ಆ ಯಂತ್ರ ಬೆಲ್ಟಿಗೆ ಕವಚವಿಲ್ಲದೆಯೇ ಬಂದದ್ದೆಂದು ನಾನೂ ಸೇರಿದಂತೆ ನಾವೆಲ್ಲರೂ ನಂಬಿಕೊಂಡಿದ್ದೆವು.